ಅತಿಥಿ ಗಾಯಕರು, ಆತಿಥೇಯ ದನಿಗಳು: ಬಸವಕಲ್ಯಾಣ–ಹುಮನಾಬಾದ ಪರಿಸರದ ಋತುಸಂಗೀತ

ಸಂಗೀತ ಸಭೆಗಳನ್ನು ಕುರಿತ ಕನ್ನಡದ ಬರವಣಿಗೆ ಬಹುಮಟ್ಟಿಗೆ ಬಂದು ಹಾಡಿದವರನ್ನು ಕುರಿತದ್ದು. ಯಾವ ಕಲಾವಿದರು ಯಾವ ರಾಗವನ್ನು ಎತ್ತಿಕೊಂಡರು, ತಬಲಾ ಸಾಥಿ ಯಾರದು ಎಂಬ ವಿವರಗಳು ಅದರಲ್ಲಿ ದಾಖಲಾಗುತ್ತವೆ. ಕರೆದವರು ಯಾರು, ಆ ಕಾಲವನ್ನೇ ಏಕೆ ಆರಿಸಿಕೊಂಡರು, ಅತಿಥಿ ಹೊರಟ ಮೇಲೆ ಆ ಊರಿನಲ್ಲಿ ಉಳಿಯುವ ದನಿ ಯಾರದು ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ವಿಶ್ವವಿದ್ಯಾಲಯಗಳು ಋತುಮಾನಕ್ಕನುಗುಣವಾಗಿ ಏರ್ಪಡಿಸುವ ಅತಿಥಿ ಕಲಾವಿದರ ಸರಣಿಗಳನ್ನು ಅಳೆಯುವಾಗಲೂ ಇದೇ ಮಿತಿ ಕಾಣುತ್ತದೆ. ೧೯೭೭ರಲ್ಲಿ ಆರಂಭವಾದ ಸ್ಪಿಕ್ ಮೆಕೆ ಚಳವಳಿಯು ಶಾಸ್ತ್ರೀಯ ಕಲಾವಿದರನ್ನು ವಿದ್ಯಾಸಂಸ್ಥೆಗಳ ಅಂಗಳಕ್ಕೆ ಕರೆತಂದು, ಹಾಡಿಕೆಯ ಜೊತೆಗೆ ವಿವರಣೆಯನ್ನೂ ಬೆಸೆಯಿತು. ಅದರ ಮಹತ್ವ ನಿರ್ವಿವಾದ. ಆದರೆ ಅತಿಥಿಯನ್ನು ಬರಮಾಡಿಕೊಳ್ಳುವ ಪದ್ಧತಿ ವಿದ್ಯಾಸಂಸ್ಥೆಗಳಿಂದ ಹುಟ್ಟಿದ್ದಲ್ಲ. ಅದರ ದೀರ್ಘ ಚರಿತ್ರೆಯನ್ನು ಪರಿಶೀಲಿಸಲು ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ಪರಿಸರ ತಕ್ಕ ಕ್ಷೇತ್ರವಾಗಿದೆ. ಆಸ್ಥಾನ, ಸಂಸ್ಥಾನ, ಜಾತ್ರೆ–ಮಠ–ದರ್ಗಾ ಎಂಬ ಮೂರು ಬಗೆಯ ಆತಿಥ್ಯಗಳು ಇಲ್ಲಿ ಕಾಣಸಿಗುತ್ತವೆ. ಅವುಗಳ ಬೆಳಕಿನಲ್ಲಿ ವಿಶ್ವವಿದ್ಯಾಲಯದ ಹೊಣೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಆಸ್ಥಾನ: ಹೆಸರು ಉಳಿದದ್ದು ಯಾರದು?

ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ ಸಂಗೀತಶಾಸ್ತ್ರಕ್ಕೆ ದೊರೆತ ಮನ್ನಣೆ ಅಸಾಧಾರಣವಾದುದು. ಮೂರನೆಯ ಸೋಮೇಶ್ವರನ (ಆಳ್ವಿಕೆ ಕ್ರಿ.ಶ. ೧೧೨೬–೧೧೩೮) ‘ಮಾನಸೋಲ್ಲಾಸ’ವು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಭಜನೆಗೊಂಡ ಬೃಹತ್ಕೃತಿ. ಗೀತ, ವಾದ್ಯ, ನೃತ್ಯಗಳನ್ನು ಅದು ‘ವಿನೋದ’ಗಳ ಸಾಲಿನಲ್ಲಿ ನಿರೂಪಿಸುತ್ತದೆ. ಅವನ ಮಗ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ಯನ್ನು ರಚಿಸಿದನು. ತಂದೆ ಮಗ ಇಬ್ಬರೂ ಲಕ್ಷಣಕಾರರಾದುದು ಈ ರಾಜಧಾನಿಯ ವೈಶಿಷ್ಟ್ಯ.

ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹವಾದುದು ‘ಮಾನಸೋಲ್ಲಾಸ’ದ ಕಿವಿ ಅರಮನೆಯ ಆಚೆಗೂ ಚಾಚಿದೆ ಎಂಬ ಸಂಗತಿ. ತ್ರಿಪದಿ, ಷಟ್ಪದಿ, ಧವಳ, ಮಂಗಳಗಳನ್ನು ಅದು ಹೆಸರಿಸುತ್ತದೆ. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುತ್ತಾರೆ ಎಂದು ಗುರುತಿಸುತ್ತದೆ. ಬೀಸುವ ಪದ, ಕುಟ್ಟುವ ಪದಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕೇಳಬಹುದಾದ ಗಡಿಸೀಮೆಯ ಗ್ರಂಥವೊಂದರಲ್ಲಿ ಈ ಉಲ್ಲೇಖ ಬಂದಿರುವುದು ಸಹಜವಾಗಿಯೇ ಇದೆ. ಆದರೆ ಗ್ರಂಥಕ್ಕೆ ಬೇಕಾದದ್ದು ಹಾಡಿನ ಜಾತಿಯೇ ಹೊರತು ಹಾಡಿದವಳಲ್ಲ.

ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಕಾಕತೀಯ ಗಣಪತಿದೇವನ ಗಜಸೇನೆಯ ಅಧಿಪತಿ ಜಾಯಸೇನಾಪತಿಯ ‘ನೃತ್ತರತ್ನಾವಲಿ’ (ಕ್ರಿ.ಶ. ೧೨೫೩–೫೪) ಒದಗಿಸುತ್ತದೆ. ಕಲ್ಯಾಣದಲ್ಲಿ ಭೂತಮಾತೃ ಮಹೋತ್ಸವ ನಡೆದಾಗ ಭಿಲ್ಲಿಯ ವೇಷ ತಾಳಿದ ಒಬ್ಬಾಕೆ ಕುಣಿಯುತ್ತ ಹಾಡುತ್ತಿದ್ದಳು. ಸೋಮೇಶ್ವರನು ಅದನ್ನು ಕಂಡು ಮೆಚ್ಚಿ ಗೊಂಡಲಿ ಎಂಬ ನೃತ್ಯವಿಧಿಯನ್ನು ರೂಪಿಸಿದನು. ಮಹಾರಾಷ್ಟ್ರದಲ್ಲಿ ಭಿಲ್ಲಿಯನ್ನು ಗೊಂಡಿನಿ ಎನ್ನುವುದರಿಂದ ಆ ಹೆಸರು ಬಂದಿತು ಎಂಬುದು ಅಲ್ಲಿಯ ನಿರೂಪಣೆ. ಘಟನೆಗೂ ಗ್ರಂಥಕ್ಕೂ ನಡುವೆ ಶತಮಾನಕ್ಕೂ ಹೆಚ್ಚಿನ ಅಂತರವಿರುವುದರಿಂದ ಇದನ್ನು ಐತಿಹ್ಯವೆಂದು ಸ್ವೀಕರಿಸುವುದು ಉಚಿತ. ಗೊಂದಲಿಗರ ಗೊಂದಲದೊಡನೆ ಈ ಶಬ್ದವನ್ನು ತಳುಕು ಹಾಕುವ ಮುನ್ನವೂ ಎಚ್ಚರ ಬೇಕು. ತುಳಜಾಪುರದ ಅಂಬಾಭವಾನಿಯ ಸಾನ್ನಿಧ್ಯ ಈ ಸೀಮೆಗೆ ಹತ್ತಿರವಾದುದು ನಿಜವಾದರೂ ಶಬ್ದಸಾಮ್ಯವೊಂದೇ ಸಂಬಂಧವನ್ನು ಸಾಧಿಸಲಾರದು.

ಐತಿಹ್ಯವಾದರೂ ಅದರ ರಚನೆ ಬಹಳಷ್ಟನ್ನು ಹೇಳುತ್ತದೆ. ಹಬ್ಬದ ದಿನ ಒದಗಿಬಂದಿದೆ, ಕಲಾವಿದೆ ಬಂದಿದ್ದಾಳೆ, ಅರಸ ನೋಡಿದ್ದಾನೆ, ಪ್ರಯೋಗವು ಶಾಸ್ತ್ರವಾಗಿದೆ. ದೇಸಿಯು ಮಾರ್ಗಕ್ಕೆ ಏರುವ ಈ ಮೆಟ್ಟಿಲುಗಳಲ್ಲಿ ಅರಸನಿಗೆ ಹೆಸರಿದೆ, ನೃತ್ಯವಿಧಿಗೆ ಹೆಸರಿದೆ, ಗ್ರಂಥಕಾರನಿಗೆ ಹೆಸರಿದೆ. ಕುಣಿದು ಹಾಡಿದವಳು ಮಾತ್ರ ‘ಒಬ್ಬಾಕೆ’. ಅವಳು ಭಿಲ್ಲಳೋ, ಭಿಲ್ಲಿಯ ವೇಷ ಧರಿಸಿದ ಬೇರೊಬ್ಬಳೋ ಎಂಬುದನ್ನೂ ಪಠ್ಯ ತಿಳಿಸುವುದಿಲ್ಲ. ಆಸ್ಥಾನದ ಆತಿಥ್ಯವು ಕಲೆಯನ್ನು ಉಳಿಸಿಕೊಂಡಿತು, ಕಲಾವಿದೆಯನ್ನು ಬಿಟ್ಟುಕೊಟ್ಟಿತು.

೨. ಸಂಸ್ಥಾನ: ನಿತ್ಯದ ಭಜನೆ, ನೈಮಿತ್ತಿಕ ದರಬಾರು

ಹುಮನಾಬಾದದ ಬಳಿಯ ಮಾಣಿಕನಗರದಲ್ಲಿ ಆತಿಥ್ಯದ ಸ್ವರೂಪ ಬೇರೆಯಾಗಿದೆ. ಮಾಣಿಕಪ್ರಭುಗಳು ೧೮೧೭ರ ದತ್ತಜಯಂತಿಯಂದು ಲಾಡವಂತಿಯಲ್ಲಿ ಜನಿಸಿ, ಬಾಲ್ಯವನ್ನು ಕಲ್ಯಾಣದಲ್ಲಿ ಕಳೆದು, ೧೮೬೫ರ ಮಾರ್ಗಶಿರ ಶುದ್ಧ ಏಕಾದಶಿಯಂದು ಮಾಣಿಕನಗರದಲ್ಲಿ ಸಮಾಧಿಸ್ಥರಾದರು. ನಿಜಾಮರ ಆಳ್ವಿಕೆಯ ಈ ಬಹುಭಾಷಿಕ ನೆಲದಲ್ಲಿ ಎಲ್ಲ ಮತಗಳನ್ನೂ ಸತ್ಯವೆಂದು ಮನ್ನಿಸುವ ಸಕಲಮತ ಸಂಪ್ರದಾಯ ನೆಲೆಗೊಂಡಿತು. ಪ್ರಭುಗಳ ಪದಗಳು ಮರಾಠಿ, ಹಿಂದಿ, ಕನ್ನಡ, ಸಂಸ್ಕೃತ ಮೊದಲಾದ ಭಾಷೆಗಳಲ್ಲಿ ಹರಡಿಕೊಂಡಿವೆ. ವಾರದ ಏಳೂ ದಿನಗಳಿಗೆ ಹೊಂದಿಸಿದ ಸಪ್ತವಾರ ಭಜನೆ ಅಲ್ಲಿಯ ನಿತ್ಯದ ಆಚರಣೆಯಾಗಿದೆ.

ಪುಣ್ಯತಿಥಿಯ ಏಕಾದಶಿಗೂ ದತ್ತಜಯಂತಿಯ ಹುಣ್ಣಿಮೆಗೂ ಕೆಲವೇ ದಿನಗಳ ಅಂತರ. ವರ್ಷವರ್ಷವೂ ಈ ಉತ್ಸವದ ಕಾಲದಲ್ಲಿ ಸಂಗೀತ ದರಬಾರು ಏರ್ಪಡುತ್ತದೆ. ಹೊರಗಿನ ಹಿಂದೂಸ್ತಾನಿ ಗಾಯಕ–ವಾದಕರು ಪೀಠದ ಎದುರಿನಲ್ಲಿ ಕಲೆಯನ್ನು ಅರ್ಪಿಸುತ್ತಾರೆ. ‘ದರಬಾರು’ ಎಂಬ ಪದ ಅರಮನೆಯಿಂದ ಬಂದುದಾದರೂ ಅರ್ಥ ಪಲ್ಲಟಗೊಂಡಿದೆ. ಆಸ್ಥಾನದಲ್ಲಿ ಸಂಗೀತ ವಿನೋದವಾಗಿತ್ತು. ಇಲ್ಲಿ ಅದು ಸೇವೆ. ಅಲ್ಲಿ ಕೇಳುಗನು ಬಹುಮಾನ ಕೊಡುವ ಅರಸ. ಇಲ್ಲಿ ಗುರುಪೀಠವೇ ಪ್ರಧಾನ ಶ್ರೋತೃ.

ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಮಾಣಿಕನಗರಕ್ಕೆ ಬರುವ ಅತಿಥಿ ಖಾಲಿ ವೇದಿಕೆಗೆ ಬರುವುದಿಲ್ಲ. ವರ್ಷವಿಡೀ ಹಾಡುತ್ತಿರುವ ಊರಿಗೆ ಬರುತ್ತಾನೆ. ಅವನ ಖಯಾಲಿನ ಹಿಂದೆ ನಿತ್ಯಭಜನೆಯ ತಾಳವಿದೆ. ಎದುರಿಗೆ ಕುಳಿತವರಲ್ಲಿ ಆ ತಾಳವನ್ನು ಕೈಯಲ್ಲಿ ಹಿಡಿದು ಬೆಳೆದವರಿದ್ದಾರೆ. ನೈಮಿತ್ತಿಕವು ನಿತ್ಯದ ಮೇಲೆ ನಿಂತಿರುವುದರಿಂದಲೇ ಈ ಋತುಸಂಗೀತಕ್ಕೆ ಬೇರು ಇದೆ. ಹೀಗಿದ್ದೂ ವಿದ್ವತ್ತಿನ ಪಕ್ಷಪಾತ ಇಲ್ಲಿಯೂ ಕೆಲಸ ಮಾಡಿದೆ. ಅತಿಥಿಯ ಹಾಡಿಕೆ ‘ಸಂಗೀತ’ವೆನಿಸಿಕೊಂಡರೆ ಸ್ಥಳೀಯರ ಹಾಡಿಕೆ ‘ಭಕ್ತಿ’ ಎನಿಸಿಕೊಳ್ಳುತ್ತದೆ. ಮೊದಲನೆಯದಕ್ಕೆ ರಾಗವಿಮರ್ಶೆ ಒದಗುತ್ತದೆ, ಎರಡನೆಯದಕ್ಕೆ ಗೌರವ ಮಾತ್ರ. ಭಜನೆಯ ಧಾಟಿಗಳು, ಎತ್ತುಗಡೆ, ಲಯದ ಏರಿಕೆ, ಒಂದು ಭಾಷೆಯ ಪದದಿಂದ ಇನ್ನೊಂದಕ್ಕೆ ದಾಟುವ ಬಗೆ ಇವೆಲ್ಲವೂ ಸಂಗೀತದ ಪ್ರಶ್ನೆಗಳೇ ಆಗಿವೆ. ಗೌರವವು ವಿಮರ್ಶೆಯ ಸ್ಥಾನವನ್ನು ತುಂಬಲಾರದು.

೩. ಜಾತ್ರೆ, ಮಠ, ದರ್ಗಾ: ಮೂರು ಪಂಚಾಂಗಗಳು

‘ಋತು’ ಎಂಬುದು ಈ ಸೀಮೆಯಲ್ಲಿ ಏಕರೂಪವಾದುದಲ್ಲ. ಹುಮನಾಬಾದದ ವೀರಭದ್ರೇಶ್ವರ ಜಾತ್ರೆ ಜನವರಿಯ ಸುಗ್ಗಿಯ ಹೊತ್ತಿಗೆ ಕೂಡುತ್ತದೆ. ವೀರಭದ್ರನ ಆರಾಧನೆಯೊಡನೆ ಪುರವಂತರ ಕುಣಿತ ಮತ್ತು ಒಡಪುಗಳು ಬೆಸೆದುಕೊಂಡಿವೆ. ದತ್ತಜಯಂತಿ ಚಾಂದ್ರಮಾಸಕ್ಕೆ ಬದ್ಧವಾದರೂ ಅಧಿಕಮಾಸದ ಹೊಂದಾಣಿಕೆಯಿಂದಾಗಿ ಚಳಿಗಾಲದಲ್ಲಿಯೇ ನಿಲ್ಲುತ್ತದೆ. ಬಸವಕಲ್ಯಾಣದ ರಾಜಾ ಬಾಗ್ ಸವಾರ್ ದರ್ಗಾದಂತಹ ಸೂಫಿ ನೆಲೆಗಳ ಉರುಸು ಹಿಜರಿ ಪಂಚಾಂಗವನ್ನು ಅನುಸರಿಸುತ್ತದೆ. ಹಿಜರಿ ವರ್ಷ ಸುಮಾರು ೧೧ ದಿನ ಚಿಕ್ಕದಾದುದರಿಂದ ಉರುಸು, ಮೊಹರಂಗಳು ಸುಮಾರು ೩೩ ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತವೆ. ಕವಾಲಿಯ ಹಾಡುಗಾರನೂ ಮೊಹರಂ ಪದದ ಮೇಳದವನೂ ಒಂದು ತಲೆಮಾರಿನೊಳಗೆ ಬೇಸಿಗೆ, ಮಳೆ, ಚಳಿ ಮೂರರಲ್ಲಿಯೂ ಹಾಡಬೇಕಾಗುತ್ತದೆ.

ಇವುಗಳ ಜೊತೆಗೆ ಉತ್ತರ ಕರ್ನಾಟಕದ ಶ್ರಾವಣಮಾಸದ ಪುರಾಣ–ಪ್ರವಚನವನ್ನು ಪರಿಗಣಿಸಬೇಕು. ತಿಂಗಳ ಪರ್ಯಂತ ಸಂಜೆ ಮಠದಲ್ಲಿಯೋ ಗುಡಿಯಲ್ಲಿಯೋ ಶಾಸ್ತ್ರಿಗಳು ಪುರಾಣ ಹೇಳುವಾಗ ಗವಾಯಿಯೂ ತಬಲಾ ವಾದಕನೂ ಊರಿನಲ್ಲಿ ತಂಗುತ್ತಾರೆ. ಈ ವ್ಯವಸ್ಥೆಯನ್ನು ವಿಸ್ತಾರವಾಗಿ ಬೆಳೆಸಿದ ಕೀರ್ತಿ ಗದಗಿನ ಪಂಚಾಕ್ಷರಿ ಗವಾಯಿಗಳಿಗೆ (೧೮೯೨–೧೯೪೪) ಮತ್ತು ಪುಟ್ಟರಾಜ ಗವಾಯಿಗಳಿಗೆ (೧೯೧೪–೨೦೧೦) ಸಲ್ಲುತ್ತದೆ. ಊರಿಂದೂರಿಗೆ ಸಂಚರಿಸುತ್ತಲೇ ಪಾಠ ಹೇಳಿದ ಈ ಪರಂಪರೆಯಲ್ಲಿ ಅಂಧರೂ ಬಡವರೂ ಸಂಗೀತಗಾರರಾದರು. ಒಂದು ರಾತ್ರಿಯ ಅತಿಥಿಗೂ ಒಂದು ತಿಂಗಳ ಅತಿಥಿಗೂ ಇರುವ ಅಂತರ ದೊಡ್ಡದು. ತಿಂಗಳು ತಂಗಿದ ಗವಾಯಿಯ ಬಳಿ ಊರಿನ ಹುಡುಗರು ಹಾರ್ಮೋನಿಯಂ ಹಿಡಿಯಲು ಕಲಿಯುವ ಅವಕಾಶವಿರುತ್ತದೆ. ಗವಾಯಿಯೂ ಊರಿನ ಧಾಟಿಯನ್ನು ಕೇಳಿಕೊಂಡು ಹೋಗುತ್ತಾನೆ. ಕಚೇರಿಯು ಕೊಡುತ್ತದೆ; ತಂಗುವಿಕೆಯು ಕೊಟ್ಟು ತೆಗೆದುಕೊಳ್ಳುತ್ತದೆ.

೪. ವಿಶ್ವವಿದ್ಯಾಲಯ: ಪಂಚಾಂಗವಿಲ್ಲದ ಆತಿಥೇಯ

ವಿಶ್ವವಿದ್ಯಾಲಯದ ಸಂಗೀತಕ್ಕೂ ಸಂಚಾರಿ ಪರಂಪರೆಗೂ ನಂಟು ಇಲ್ಲದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಹೊಣೆ ಹೊತ್ತ ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ನಾಟಕ ಕಂಪನಿಯ ಹಿನ್ನೆಲೆಯಿಂದ ಬಂದವರು. ಅಲ್ಲಿ ಪಾಠ ಹೇಳಿದ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಈ ಇಬ್ಬರೂ ಖಯಾಲಿನಷ್ಟೇ ನಿಷ್ಠೆಯಿಂದ ವಚನಗಳನ್ನು ಹಾಡಿದರು. ಕಲ್ಯಾಣದ ಶರಣರ ನುಡಿ ವಿಶ್ವವಿದ್ಯಾಲಯದ ಅಂಗಳವನ್ನು ಪ್ರವೇಶಿಸಿದ್ದು ಅಲೆದಾಡಿದವರ ಕೊರಳಿನ ಮೂಲಕ.

ಕಲ್ಯಾಣ ಕರ್ನಾಟಕಕ್ಕೆ ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ದೊರೆಯಿತು. ೨೦೧೧ರಲ್ಲಿ ರಾಜ್ಯಕ್ಕೆ ಜಾನಪದ ವಿಶ್ವವಿದ್ಯಾಲಯವೂ, ೨೦೨೩ರಲ್ಲಿ ಬೀದರ ಜಿಲ್ಲೆಗೆ ಪ್ರತ್ಯೇಕ ವಿಶ್ವವಿದ್ಯಾಲಯವೂ ಬಂದವು. ವಿಶ್ವವಿದ್ಯಾಲಯವೆಂಬ ಸಂಸ್ಥೆಯ ಋತುವನ್ನು ನಿರ್ಧರಿಸುವುದು ಸುಗ್ಗಿಯಲ್ಲ, ಹುಣ್ಣಿಮೆಯಲ್ಲ. ಸೆಮಿಸ್ಟರು, ಪರೀಕ್ಷೆ ಮತ್ತು ಮಾರ್ಚ್ ೩೧ಕ್ಕೆ ಮುಗಿಯುವ ಹಣಕಾಸು ವರ್ಷ. ಇಂತಹ ವೇಳಾಪಟ್ಟಿಯಲ್ಲಿ ಅತಿಥಿ ಕಲಾವಿದರು ಸಂಜೆ ಬಂದು ರಾತ್ರಿ ಹೊರಡುವುದು ಅನಿವಾರ್ಯವೆನಿಸುತ್ತದೆ. ನಿತ್ಯದ ಹಾಡಿಕೆಯಿಲ್ಲದ ಅಂಗಳದಲ್ಲಿ ನೈಮಿತ್ತಿಕ ಸಭೆ ಎಷ್ಟು ಉಜ್ವಲವಾಗಿದ್ದರೂ ಬೇರು ಬಿಡುವುದಿಲ್ಲ.

ಹಾಗೆಂದು ಉತ್ಸವದ ಪಂಚಾಂಗವನ್ನು ವಿಶ್ವವಿದ್ಯಾಲಯ ಎರವಲು ಪಡೆಯಬೇಕೆಂದು ವಾದಿಸುವುದು ಸರಿಯಲ್ಲ. ಆಚರಣೆಯ ಆತಿಥ್ಯಕ್ಕೆ ತನ್ನದೇ ಮಿತಿಗಳಿವೆ. ಯಾರು ಎಲ್ಲಿ ಕೂರಬೇಕು, ಯಾವ ಜಾತಿಯವರು ಯಾವ ವಾದ್ಯ ಹಿಡಿಯಬೇಕು, ಹೆಣ್ಣಿನ ದನಿ ಯಾವ ಹೊತ್ತಿನಲ್ಲಿ ಕೇಳಬೇಕು ಎಂಬುದನ್ನು ಗ್ರಾಮಸಮಾಜದ ಆಚರಣೆಗಳು ಬಹುಕಾಲ ಕಟ್ಟುನಿಟ್ಟಾಗಿ ನಿಯಂತ್ರಿಸಿವೆ. ವಿಶ್ವವಿದ್ಯಾಲಯದ ಬಾಗಿಲಲ್ಲಿ ಭಕ್ತಿಯನ್ನಾಗಲಿ ಕುಲವನ್ನಾಗಲಿ ಕೇಳುವಂತಿಲ್ಲ. ಅಲ್ಲದೆ ಆಸ್ಥಾನಕ್ಕೂ ಜಾತ್ರೆಗೂ ಇಲ್ಲದ ಸಾಧನವೊಂದು ಅದರ ಬಳಿಯಿದೆ. ಅದು ದಾಖಲಾತಿ.

೫. ಸಮಾರೋಪ

ಮೇಲಿನ ವಿವೇಚನೆಯಿಂದ ವಿಶ್ವವಿದ್ಯಾಲಯದ ಅತಿಥಿ ಸರಣಿಗಳಿಗೆ ಮೂರು ಮಾನದಂಡಗಳನ್ನು ಸೂಚಿಸಬಹುದು. ಒಂದು, ಅತಿಥಿಯ ಸಂಖ್ಯೆಗಿಂತ ತಂಗುವ ಅವಧಿ ಮುಖ್ಯವಾಗಬೇಕು. ಹತ್ತು ಕಚೇರಿಗಳಿಗಿಂತ ಶ್ರಾವಣದ ಗವಾಯಿಯಂತೆ ಕೆಲವು ವಾರ ನೆಲೆನಿಲ್ಲುವ ಒಬ್ಬ ಕಲಾವಿದ ಹೆಚ್ಚು ಫಲಕಾರಿ. ಎರಡು, ಸ್ಥಳೀಯ ಹಾಡುಗಾರರು ಮೆರವಣಿಗೆಯ ಅಲಂಕಾರವಾಗದೆ ಆತಿಥೇಯರಾಗಬೇಕು. ತತ್ವಪದದ ಮೇಳವೋ ಮೊಹರಂ ಪದದ ತಂಡವೋ ಅತಿಥಿಯನ್ನು ಎದುರುಗೊಂಡು, ಅದೇ ವೇದಿಕೆಯಲ್ಲಿ, ಅದೇ ಸಂಭಾವನೆಯ ನ್ಯಾಯದಲ್ಲಿ ಹಾಡಬೇಕು. ಮೂರು, ಪ್ರತಿಯೊಂದು ಹಾಡಿಕೆಯ ಧ್ವನಿಮುದ್ರಣದ ಜೊತೆಗೆ ಹಾಡಿದವರ ಹೆಸರು, ಊರು, ಕಲಿತ ಬಗೆ ಅವರ ಒಪ್ಪಿಗೆಯೊಡನೆ ಗ್ರಂಥಾಲಯ ಸೇರಬೇಕು.

ಮೂರನೆಯದು ಉಳಿದೆರಡಕ್ಕಿಂತ ಕಡಿಮೆ ಖರ್ಚಿನದು, ಆದರೆ ಹೆಚ್ಚು ತುರ್ತಿನದು. ಒಂದು ಮೇಳದ ಹಿರಿಯ ದನಿ ನಿಂತರೆ ಅದರ ಧಾಟಿಯೂ ನಿಲ್ಲುವ ಸಾಧ್ಯತೆ ಮೌಖಿಕ ಪರಂಪರೆಯಲ್ಲಿ ಸದಾ ಇರುತ್ತದೆ. ಭೂತಮಾತೃ ಉತ್ಸವದಲ್ಲಿ ಕುಣಿದು ಹಾಡಿದವಳ ಹೆಸರನ್ನು ಕಲ್ಯಾಣದ ವಿದ್ವತ್ಸಭೆ ಕೇಳಿ ಬರೆದಿಟ್ಟುಕೊಂಡಿದ್ದರೆ ಗೊಂಡಲಿಯ ಚರಿತ್ರೆ ಬೇರೆ ರೀತಿಯಲ್ಲಿ ಆರಂಭವಾಗುತ್ತಿತ್ತು. ಅದು ಇನ್ನು ಸಾಧ್ಯವಿಲ್ಲ. ಲಾಡವಂತಿಯಿಂದ ಮಾಣಿಕನಗರದವರೆಗೆ ಹಾಡುತ್ತಿರುವವರ ಹೆಸರುಗಳನ್ನು ಕೇಳಿ ಬರೆದಿಡುವುದು ಇಂದಿಗೂ ಸಾಧ್ಯವಿದೆ.