ಅಂಕಿತವಿಲ್ಲದ ಮಾತು

ರಾಷ್ಟ್ರಪತಿಯ ಚುನಾವಣೆ ಸಾಹಿತ್ಯ ವಿಮರ್ಶೆಗೆ ವಸ್ತುವಾದೀತೆ ಎಂದು ವಾಚಕರು ಕೇಳಬಹುದು. 1969ರ ಚುನಾವಣೆಯ ಮಟ್ಟಿಗೆ ಆದೀತೆಂದೇ ನನ್ನ ಉತ್ತರ. ಅಲ್ಲಿ ನಡೆದದ್ದು ಬಹುಪಾಲು ಮಾತಿನ ಕದನ.

ಆ ವರ್ಷದ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ಸು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಹಿಡಿಸಲಿಲ್ಲ. ವಿ. ವಿ. ಗಿರಿಯವರು ಪಕ್ಷೇತರರಾಗಿ ನಿಂತು, ಎರಡನೆಯ ಪ್ರಾಶಸ್ತ್ಯದ ಮತಗಳೂ ಕೂಡಿದ ಮೇಲೆ, 4,05,427ಕ್ಕೆ ಎದುರಾಗಿ 4,20,077 ಪಡೆದು ಗೆದ್ದರು.

ಶಿಕಾರಿಪುರ, ಸೊರಬದ ಜನರಿಗೆ ಇದರಲ್ಲಿ ನೇರ ಮತವಿರಲಿಲ್ಲ. ಮತವಿದ್ದದ್ದು ಶಾಸಕರಿಗೆ; ಸೊರಬದವರು 1967ರಲ್ಲಿ ಆರಿಸಿ ಕಳಿಸಿದ್ದ ಎಸ್. ಬಂಗಾರಪ್ಪನವರಂಥವರಿಗೆ. ಅದೂ ಗುಪ್ತ ಮತ. ಹೀಗಾಗಿ ಊರಿನವನು ನಿಜವನ್ನು ತಿಳಿಯಲು ಪತ್ರಿಕೆಯ ಮಾತನ್ನೇ ನೆಚ್ಚಬೇಕಾಯಿತು.

ಆ ಮಾತು ಎಂಥದು? ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಮ್ಮ ಎಸ್. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಕ್ಕಾಗಿ ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರೊಡನೆ ಮಾತಾಡಿದರೆಂಬುದು ಸುದ್ದಿ, ಜನಕ್ಕೆ ತಿಳಿಯಬೇಕಾದದ್ದೇ. ಆದರೆ ಅವರ ಬಳಗಕ್ಕೆ ‘ಸಿಂಡಿಕೇಟ್’ ಎಂಬ ಹೆಸರು, ಎದುರು ಬಣದ ಕರೆಗೆ ‘ಆತ್ಮಸಾಕ್ಷಿಯ ಮತ’ ಎಂಬ ಹೆಸರು? ವಿಶ್ವವಿದ್ಯಾನಿಲಯದಲ್ಲಿ ಗೌರವದ್ದಾದ ಪದ ಇಲ್ಲಿ ಬೈಗುಳವಾಯಿತು. ಒಂದು ಕಡೆಯವರು ತಮಗೆ ತಾವೇ ಕೊಟ್ಟುಕೊಂಡ ಹೊಗಳಿಕೆ ಸುದ್ದಿಯ ಭಾಷೆಯಾಯಿತು. ಆಡಿದವರಾರೆಂಬ ಗುರುತನ್ನು ಕಳಚಿಕೊಂಡ ಇಂಥ ಪದ ವರದಿಯೊಳಗೆ ಸೇರಿದರೆ, ತೀರ್ಪೇ ಸುದ್ದಿಯ ವೇಷದಲ್ಲಿ ಬಂದಂತೆ.

ಇದರ ಕೊನೆಯ ಮಜಲೇ ಆ ಕುಖ್ಯಾತ ಕರಪತ್ರ. ರೆಡ್ಡಿಯವರ ಶೀಲಕ್ಕೆ ಮಸಿ ಬಳಿದ ಅದರಲ್ಲಿ ಬರೆದವನ ಹೆಸರಿಲ್ಲ. ಸಂಸತ್ತಿನ ಸೆಂಟ್ರಲ್ ಹಾಲಿನಲ್ಲೇ ಅದು ಕೈಯಿಂದ ಕೈಗೆ ಹೋಯಿತು. ಚುನಾವಣಾ ತಕರಾರು ಸುಪ್ರೀಂ ಕೋರ್ಟಿಗೆ ಬಂದು, ರಾಷ್ಟ್ರಪತಿಯೇ ಸಾಕ್ಷಿ ನುಡಿಯಬೇಕಾಯಿತು. ಕರಪತ್ರ ಹಂಚಿಕೆಯಾದದ್ದು ನಿಜ, ಅದರಲ್ಲಿ ಗಿರಿಯವರ ಸಮ್ಮತಿಯಿತ್ತೆಂಬುದು ಸಿದ್ಧವಾಗಲಿಲ್ಲ ಎಂದು 1970ರಲ್ಲಿ ನ್ಯಾಯಾಲಯ ಅರ್ಜಿಗಳನ್ನು ವಜಾ ಮಾಡಿತು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ ಸ್ತಂಭಶಾಸನವೊಂದಿದೆ. ಅದರ ಕವಿ ಕುಬ್ಜ. ಕಾವ್ಯವನ್ನು ಕಲ್ಲಿನ ಮೇಲೆ ಬರೆದವನು ತಾನೆಂದು ಹೇಳಿಕೊಂಡಿದ್ದಾನೆ. ಕದಂಬರನ್ನು ಹೊಗಳುವುದು ಅವನ ಕೆಲಸ; ಅವನು ನಿಷ್ಪಕ್ಷಪಾತಿಯಲ್ಲ. ಆದರೆ ಯಾರ ಆಸ್ಥಾನದ ಮಾತು ಇದೆಂದು ಓದುವವನಿಗೆ ಗೊತ್ತು. ಎಷ್ಟು ನಂಬಬೇಕೆಂಬ ಲೆಕ್ಕವನ್ನು ಅವನೇ ಹಾಕಿಕೊಳ್ಳಬಲ್ಲ. ಅದೇ ತಾಲ್ಲೂಕಿನ ಬಳ್ಳಿಗಾವೆಯ ಅಲ್ಲಮ, ಉಡುತಡಿಯ ಅಕ್ಕ ಇವರ ವಚನಗಳನ್ನೂ ನಾವು ಅಂಕಿತದಿಂದಲೇ ಗುರುತಿಸುತ್ತೇವೆ.

ಪತ್ರಿಕೆಗೆ ಪಕ್ಷವಿರಬಾರದೆಂದು ನಾನು ಹೇಳುವುದಿಲ್ಲ. ಸಂಪಾದಕೀಯದಲ್ಲಿ ಅದು ಧಾರಾಳವಾಗಿ ಇರಲಿ. ವರದಿಯಲ್ಲಿ ಮಾತ್ರ ಯಾರ ಮಾತು ಯಾರದೆಂಬುದು ಸ್ಪಷ್ಟವಿರಲಿ. ‘ಬಲ್ಲ ಮೂಲಗಳು’ ಇಂದಿಗೂ ನಿತ್ಯ ನುಡಿಯುತ್ತಿವೆ. ಮತವಿಲ್ಲದ ವಾಚಕನಿಗೆ, ಆ ಬಲ್ಲವರು ಯಾರ ಕಡೆಯವರೆಂದಾದರೂ ಕೇಳುವ ಹಕ್ಕಿದೆ.