ತಂದೆಯ ಅಬ್ಬರ, ಮಗನ ಕೈ

ಗಂಡ ಹೆಂಡತಿಯ ಮೇಲೆ ಕೈಯೆತ್ತಿದಾಗ, ‘ಪಾಪ, ಅವನು ಬೆಳೆದ ಮನೆಯೇ ಹಾಗಿತ್ತು’ ಎನ್ನುವ ಹಿರಿಯರು ನಮ್ಮಲ್ಲಿ ಕಡಮೆಯಿಲ್ಲ. ಆ ಮಾತಿನಲ್ಲಿ ನಿಜವೆಷ್ಟು, ನೆಪವೆಷ್ಟು? ಅಮೆರಿಕದ ಕಪ್ಪು ಜನಾಂಗದ ಲೇಖಕಿ ಆಲಿಸ್ ವಾಕರ್ ಅವರ ಮೊದಲ ಕಾದಂಬರಿ, 1970ರಲ್ಲಿ ಪ್ರಕಟವಾದ ‘ದಿ ಥರ್ಡ್ ಲೈಫ್ ಆಫ್ ಗ್ರೇಂಜ್ ಕೋಪ್ಲೆಂಡ್’, ಇದನ್ನೇ ಒರೆಗೆ ಹಚ್ಚುತ್ತದೆ.

ಜಾರ್ಜಿಯಾ ಸಂಸ್ಥಾನದ ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುವ ಗ್ರೇಂಜ್ ಬಿಳಿಯ ಧಣಿಯೆದುರು ಕಲ್ಲಾಗುತ್ತಾನೆ. ಶನಿವಾರ ರಾತ್ರಿ ಕುಡಿದು ಬಂದು, ಹೆಂಡತಿ ಮಗನನ್ನು ಕೊಲ್ಲುವೆನೆಂದು ಅಬ್ಬರಿಸುತ್ತಾನೆ. ಎರಡನ್ನೂ ಕಂಡು ಬೆಳೆದ ಮಗ ಬ್ರೌನ್‌ಫೀಲ್ಡ್, ಉಪಾಧ್ಯಾಯಿನಿಯಾಗಿದ್ದ ತನ್ನ ಹೆಂಡತಿ ಮೆಮ್‌ಳನ್ನು ವರ್ಷಗಟ್ಟಲೆ ಬಡಿದು, ಕಡೆಗೆ ಗುಂಡಿಟ್ಟು ಕೊಲ್ಲುತ್ತಾನೆ.

ಕಥೆ ಇಷ್ಟಕ್ಕೇ ನಿಂತಿದ್ದರೆ ಹಣೆಬರಹದ ಕಥೆಯಾಗುತ್ತಿತ್ತು. ಆದರೆ ಹಿಂದೆ ಮನೆ ತೊರೆದು ಹೋಗಿದ್ದ ಅದೇ ಗ್ರೇಂಜ್ ಮರಳಿ ಬಂದು, ತಬ್ಬಲಿ ಮೊಮ್ಮಗಳು ರೂತ್‌ಳನ್ನು ಅಕ್ಕರೆಯಿಂದ ಸಾಕುತ್ತಾನೆ. ಶೀರ್ಷಿಕೆಯ ‘ಮೂರನೆಯ ಬಾಳು’ ಇದೇ. ತಾನು ಉಂಡ ಅವಮಾನವನ್ನು ಅವನು ಮರೆಯುವುದಿಲ್ಲ. ತಾನು ಮಾಡಿದ ತಪ್ಪನ್ನು ಮಾತ್ರ ಬಿಳಿಯರ ತಲೆಗೆ ಕಟ್ಟಲು ಒಪ್ಪುವುದಿಲ್ಲ. ಮಗನಾದರೋ ತಂದೆಯನ್ನೂ ಬಿಳಿಯರನ್ನೂ ದೂರುತ್ತಲೇ ಉಳಿಯುತ್ತಾನೆ.

ಮೆಮ್‌ಳ ಅಂತರಂಗಕ್ಕೆ ಲೇಖಕಿ ಇನ್ನಷ್ಟು ಇಳಿಯಬೇಕಿತ್ತು. ಮೊಮ್ಮಗಳನ್ನು ಉಳಿಸಲು ಮುದುಕ ಮತ್ತೆ ಬಂದೂಕನ್ನೇ ಹಿಡಿಯುವುದೂ ಓದುಗನನ್ನು ನೆಮ್ಮದಿಯಾಗಿರಗೊಡದು. ಆದರೂ ಕೃತಿಯ ಕಾಣ್ಕೆ ಸ್ಪಷ್ಟ. ಬಾಲ್ಯದ ನೋವು ಎಲ್ಲಿಂದ ಬಂತೆಂದು ತಿಳಿಯುವುದು ನಮ್ಮ ಕರ್ತವ್ಯ. ಅದನ್ನು ಹೆಂಡತಿಯ ಮೈಮೇಲೆ ತೀರಿಸಿಕೊಳ್ಳದಿರುವುದು ಅವನ ಕರ್ತವ್ಯ. ‘ಪಾಪ’ ಎನ್ನುವ ಮೊದಲು, ಏಟು ತಿಂದವಳ ಕಡೆಗೊಮ್ಮೆ ನೋಡೋಣ.