ಕ್ರಾನ್‌ನ ಬರಿಗೈ

ಟರ್ಮಿನಲ್‌ನಲ್ಲಿ ಸಲೀಸಾಗಿ ಓಡುವ ಬ್ಯಾಕಪ್ ಸ್ಕ್ರಿಪ್ಟು, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಕೈಗೆ ಹೋದೊಡನೆ ಮುಗ್ಗರಿಸಿದರೆ ಬೈಗುಳ ಬೀಳುವುದು ಕ್ರಾನ್‌ಗೆ. ತಪ್ಪು ಬಹುಪಾಲು ಅದರದಲ್ಲ. ಲಾಗಿನ್ ಆದವರಿಗೆ ಶೆಲ್ ಹತ್ತಾರು ಸೆಟ್ಟಿಂಗುಗಳನ್ನು ಸದ್ದಿಲ್ಲದೆ ಜೋಡಿಸಿಕೊಡುತ್ತದೆ; ಕ್ರಾನ್ ಅವನ್ನು ಓದುವುದೇ ಇಲ್ಲ. 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್, ಬೇರೆ ಹೇಳದಿದ್ದರೆ, ಕಮ್ಯಾಂಡುಗಳನ್ನು ಹುಡುಕುವುದು ಒಂದೆರಡು ಮೂಲ ಫೋಲ್ಡರುಗಳಲ್ಲಿ ಮಾತ್ರ. ಪೂರ್ತಿ ಪಾತ್ ಬರೆಯದ ಸ್ಕ್ರಿಪ್ಟು ಅಲ್ಲಿಗೆ ನಿಂತಿತು. ಹಾಗೆ ನಿಂತಾಗಲೇ ಅದು ಯಾವುದನ್ನು ನೆಚ್ಚಿಕೊಂಡಿತ್ತೆಂದು ಬಯಲಾಗುವುದು. ನಾನು ಮೆಚ್ಚುವುದು ಈ ಬರಿಗೈಯನ್ನೇ.

ಕೆಟ್ಟರೂ ಬಾಯಿ ಬಿಡುವುದಿಲ್ಲ ಎಂಬ ದೂರು ಅರ್ಧ ಸತ್ಯ. ಸ್ಕ್ರಿಪ್ಟು ಉಗುಳಿದ್ದನ್ನೆಲ್ಲ ಕ್ರಾನ್ ಬಳಕೆದಾರನಿಗೆ ಮೇಲ್ ಮಾಡಲು ನೋಡುತ್ತದೆ. ಡೆಸ್ಕ್‌ಟಾಪಿನಲ್ಲಿ ಮೇಲ್ ವ್ಯವಸ್ಥೆಯೇ ಇರದಿದ್ದರೆ ಅದೇನು ಮಾಡೀತು? ಕ್ರಾನ್‌ಗೆ ಬರೆದ ಸಾಲಿನ ಕೊನೆಗೆ ಔಟ್‌ಪುಟ್, ಎರರ್ ಎರಡನ್ನೂ ಒಂದು ಲಾಗ್ ಫೈಲಿಗೆ ತಿರುಗಿಸಿದರೆ ಸಾಕು. ರಾತ್ರಿ ಎರಡಕ್ಕೆ ಮಷಿನ್ ಆಫ್ ಆಗಿದ್ದರೆ ಕೆಲಸ ತಪ್ಪಿಹೋಗುತ್ತದೆ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅಲ್ಲಿ, ತಪ್ಪಿದ ಕೆಲಸವನ್ನು ಮಷಿನ್ ಆನ್ ಆದಮೇಲೆ ಓಡಿಸುವ ಅನಾಕ್ರಾನ್ ಬೇಕು. ಇನ್ನು ಶೇಕಡಾ ಚಿಹ್ನೆ: ಫೈಲ್ ಹೆಸರಿಗೆ ದಿನಾಂಕ ಸೇರಿಸಲು ಬರೆದರೆ ಕ್ರಾನ್ ಅದನ್ನು ಹೊಸ ಸಾಲೆಂದು ಓದಿ ಕಮ್ಯಾಂಡನ್ನು ಅಲ್ಲೇ ತುಂಡರಿಸುತ್ತದೆ. ಹಿಂದೊಂದು ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಸರಿಹೋಗುತ್ತದೆ, ನಿಜ. ಆದರೂ ಇದನ್ನು ಸಮರ್ಥಿಸುವ ಉಮೇದು ನನಗಿಲ್ಲ.